ಓದುಗರ ಪ್ರಶ್ನೆ: ಸೆಟ್ ಇಲ್ಲದೆ ನಾಟಕ ಆಗುತ್ತಾ?

ಪ್ರಶ್ನೆ: ನಮ್ಮೂರ ಹುಡುಗರು ಥಾರ್ನ್‌ಟನ್ ವೈಲ್ಡರ್ ಅವರ ‘ಅವರ್ ಟೌನ್’ ನಾಟಕ ಆಡಲು ಹೊರಟಿದ್ದಾರೆ. ಮನೆ, ಬೀದಿ ಏನೂ ಕಟ್ಟುವುದಿಲ್ಲವಂತೆ. ದುಡ್ಡಿಲ್ಲದ್ದಕ್ಕೆ ಇದೊಂದು ನೆಪವಾ?
- ಓದುಗರು, ಶಿರಸಿ

ಉತ್ತರ: ನೆಪ ಅಲ್ಲ, ನಾಟಕ ಇರುವುದೇ ಹಾಗೆ. 1938ರಲ್ಲಿ ಅಮೆರಿಕದಲ್ಲಿ ಮೊದಲು ಆಡಿದಾಗಲೂ ಮೇಜು, ಕುರ್ಚಿ, ಏಣಿ, ಅಷ್ಟೇ. ಸೀನರಿ ಬೇಕೇ ಬೇಕು ಅನ್ನುವವರಿಗಾಗಿ ಅಂತ ಹೇಳಿ ಎರಡು ಹೂಬಳ್ಳಿ ಚಪ್ಪರ ತಂದಿಡುತ್ತಾರೆ. ನಿಮ್ಮಂಥವರಿಗೇ ಮಾಡಿದ ತಮಾಷೆ, ಬೇಜಾರು ಬೇಡ! ಹಾಲಿನವನು ಕಾಣದ ಕುದುರೆ ಹೊಡೆದುಕೊಂಡು ಬರುತ್ತಾನೆ, ಹೆಂಗಸರು ಇಲ್ಲದ ಒಲೆಯಲ್ಲಿ ತಿಂಡಿ ಮಾಡುತ್ತಾರೆ. ವೈಲ್ಡರ್ ವಾದ ಏನಂದ್ರೆ, ರಂಗದ ತುಂಬ ಸಾಮಾನು ಪೇರಿಸಿ ಇದು ಇಂಥದೇ ಊರು, ಇಂಥದೇ ವರ್ಷ ಅಂತ ಕಟ್ಟಿಹಾಕಿದರೆ ಕತೆ ಯಾರದೋ ಮನೆಯದಾಗಿ ಉಳಿಯುತ್ತದೆ, ನೋಡುವವನದಾಗುವುದಿಲ್ಲ.

ನಿಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಳೆಗಾಲದ ತಾಳಮದ್ದಳೆ ಕೇಳಿದವರೇ ಅಲ್ವಾ ನೀವು. ಪಂಚೆ ಉಟ್ಟ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ಜಗಲಿಯಲ್ಲಿ ಕೂತು ಕೌರವನಾದಾಗ ಕಿರೀಟ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಆದರೆ ಮಾತು ಸಪ್ಪೆಯಾದರೆ ಮುಚ್ಚಿಕೊಳ್ಳಲು ವೇಷವೂ ಇಲ್ಲ. ಹುಡುಗರಿಗೆ ಸೆಟ್ಟಿನ ದುಡ್ಡು ಉಳಿಯಿತು, ತಾಲೀಮು ಮಾತ್ರ ದುಪ್ಪಟ್ಟು ಬೇಕು.

ಪ್ರಶ್ನೆ: ‘ಅವರ್ ಟೌನ್’ ಮೂರನೇ ಅಂಕ ಓದಿ ಮನಸ್ಸು ಕೆಟ್ಟಿತು. ಇಷ್ಟು ನಿರಾಶೆ ಬೇಕಿತ್ತಾ?
- ಓದುಗರು, ಹೊನ್ನಾವರ

ಉತ್ತರ: ನಿರಾಶೆ ಎಲ್ಲಿದೆ? ಹೆರಿಗೆಯಲ್ಲಿ ತೀರಿಕೊಂಡ ನಾಯಕಿ ಎಮಿಲಿ ತನ್ನ 12ನೇ ಹುಟ್ಟುಹಬ್ಬದ ದಿನಕ್ಕೆ ವಾಪಸು ಬರುತ್ತಾಳೆ. ಅಮ್ಮ ತಿಂಡಿಯ ಗಡಿಬಿಡಿಯಲ್ಲಿ ಮಗಳ ಮುಖವನ್ನೇ ಸರಿಯಾಗಿ ನೋಡುವುದಿಲ್ಲ. ಬದುಕಿರುವಾಗ ಬದುಕು ಯಾರಿಗಾದರೂ ಗೊತ್ತಾಗುತ್ತಾ ಅಂತ ಎಮಿಲಿ ಕೇಳುತ್ತಾಳೆ. ಸಂತರಿಗೆ, ಕವಿಗಳಿಗೆ ಅಷ್ಟಿಷ್ಟು ಗೊತ್ತಾಗಬಹುದು ಅಂತ ಉತ್ತರ. ಕವಿಗಳ ವಿಷಯ ನನಗೆ ಅನುಮಾನ. ಆದರೆ ಆ ಅಮ್ಮನನ್ನು ಬಯ್ಯಬೇಡಿ, ಅವಳ ಕೈಯಲ್ಲಿ ಕೆಲಸ ಇತ್ತು.

ಪ್ರಶ್ನೆ: ಅದೇ ನಾಟಕಕ್ಕೆ ಕಾಳಿ ನದಿ, ಮೀನುಪೇಟೆ ಎಲ್ಲ ಸೇರಿಸಿ ನಮ್ಮೂರಿನದು ಮಾಡಬಹುದಾ?
- ಓದುಗರು, ಕಾರವಾರ

ಉತ್ತರ: ಸುಮ್ನೆ ಚಂದಕ್ಕೆ ಅಂತಾದರೆ ಬೇಡ. ಮೂಲದಲ್ಲಿ ಊರಿನ ಜನಸಂಖ್ಯೆ 2,640 ಅಂತ ಹೇಳಿದವರು, ಅವಳಿ ಮಕ್ಕಳು ಹುಟ್ಟಿದ್ದಕ್ಕೆ ಅಲ್ಲೇ 2,642 ಅಂತ ತಿದ್ದುತ್ತಾರೆ. ಇಂಥದ್ದು ಬೇಕು. ಕಡಲು, ಸೂರ್ಯಾಸ್ತ ಎಲ್ಲರಿಗೂ ಹೊಳೆಯುತ್ತದೆ. ಮೀನಿನ ಬುಟ್ಟಿ ಹೊತ್ತು ಬಂದವಳು ಯಾವ ಮನೆ ಬಾಗಿಲಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಾಳೆ, ಯಾಕೆ ನಿಲ್ಲುತ್ತಾಳೆ, ಅದನ್ನು ಬರೆಯಿರಿ. ಅದಕ್ಕೂ ಮೊದಲು ಅನುಮತಿ ಕೇಳಿ. ವೈಲ್ಡರ್ ತೀರಿಕೊಂಡದ್ದು 1975ರಲ್ಲಿ. ನಮ್ಮ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಆಮೇಲೆ 60 ವರ್ಷ ಕೃತಿಯ ಹಕ್ಕು ಇರುತ್ತದೆ.