ಗಿಟಾರಿನ ಹೊಟ್ಟೆಯೊಳಗೆ ಯಾವ ಪಿಕಪ್ ಇದೆ?

ಈ ಸಲದ ಪ್ರಶ್ನೆಗಳೆಲ್ಲ ವೈರ್ ಸಿಕ್ಕಿಸುವ ಅಕೌಸ್ಟಿಕ್ ಗಿಟಾರಿನವು. ಪಿಕಪ್ ಅಂದರೆ ಗಿಟಾರಿನ ಮಿಡಿತವನ್ನು ಹಿಡಿದು ವಿದ್ಯುತ್ತಾಗಿ ಸ್ಪೀಕರಿಗೆ ಕಳಿಸುವ ಭಾಗ. ಉತ್ತರ ಕೊಟ್ಟವರು ಗಿಟಾರ್ ರಿಪೇರಿ ಮಾಡುವವರು.

ಪ್ರಶ್ನೆ: ಒಂದು ಸೆಕೆಂಡ್ ಹ್ಯಾಂಡ್ ‘ಸೆಮಿ ಅಕೌಸ್ಟಿಕ್’ ಗಿಟಾರ್ ಕೊಂಡಿದ್ದೇನೆ. ಸುಮ್ನೆ ಕೂತು ನುಡಿಸಿದರೆ ದನಿ ತುಂಬ ಚೆನ್ನಾಗಿದೆ. ಸ್ಪೀಕರಿಗೆ ಹಾಕಿದರೆ ಪ್ಲಾಸ್ಟಿಕ್ ಡಬ್ಬಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮೀಟಿದ ಹಾಗಿದೆ. ಒಳಗೆ ಯಾವ ಪಿಕಪ್ ಇದೆ ಅಂತ ಮಾರಿದವರಿಗೂ ಗೊತ್ತಿಲ್ಲ. ಹೇಗೆ ಕಂಡುಹಿಡಿಯಲಿ? ಬದಲಾಯಿಸಬೇಕಾ? (ಓದುಗರು, ಶಿವಮೊಗ್ಗ)

ಉತ್ತರ: ಮೊದಲು ಆ ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಅಂಗಡಿಗಳಲ್ಲಿ ಪಿಕಪ್ ಇರುವ ಅಕೌಸ್ಟಿಕ್ ಗಿಟಾರಿಗೆಲ್ಲ ‘ಸೆಮಿ ಅಕೌಸ್ಟಿಕ್’ ಅಂತಾರೆ. ಬೇರೆ ಕಡೆ ಆ ಹೆಸರು ಟೊಳ್ಳು ಬಾಡಿಯ ಎಲೆಕ್ಟ್ರಿಕ್ ಗಿಟಾರಿಗೆ ಸೇರಿದ್ದು. 1958ರಲ್ಲಿ ಬಂದ ಗಿಬ್ಸನ್ ಇಎಸ್-335 ಅದಕ್ಕೆ ಒಳ್ಳೆ ಉದಾಹರಣೆ. ಆನ್‌ಲೈನಿನಲ್ಲಿ ಬಿಡಿಭಾಗ ಹುಡುಕುವಾಗ ‘ಎಲೆಕ್ಟ್ರೋ ಅಕೌಸ್ಟಿಕ್’ ಅಂತ ಹುಡುಕಿ. ಇಲ್ಲದಿದ್ದರೆ ನಿಮ್ಮ ಗಿಟಾರಿಗೆ ಕೂರದ ಪಿಕಪ್ ಮನೆಗೆ ಬರುತ್ತದೆ.

ಈಗ ಪತ್ತೆ ಕೆಲಸ. ಗಿಟಾರನ್ನು ಸ್ಪೀಕರಿಗೆ ಹಾಕಿ, ವಾಲ್ಯೂಮ್ ಕಮ್ಮಿ ಇಡಿ. ಎಡಗೈಯಿಂದ ತಂತಿಗಳನ್ನೆಲ್ಲ ಮುಚ್ಚಿ ಹಿಡಿದು, ಬಲಗೈ ಉಗುರಿನಿಂದ ಮೇಲ್ಹಲಗೆಯನ್ನು ಅಲ್ಲಲ್ಲಿ ತಟ್ಟಿ. ಬ್ರಿಡ್ಜಿನ (ಮೇಲ್ಹಲಗೆಯ ಮೇಲೆ ತಂತಿಗಳ ಬುಡ ಸಿಕ್ಕಿಸುವ ಮರದ ತುಂಡಿನ) ಮೇಲೆ ತಟ್ಟಿದಾಗ ಜೋರಾಗಿ ಕೇಳಿ, ದೂರ ಹೋದಂತೆ ದನಿ ಬೇಗ ಕುಗ್ಗಿದರೆ ಸ್ಯಾಡಲ್, ಅಂದರೆ ಬ್ರಿಡ್ಜಿನಲ್ಲಿ ತಂತಿಗಳು ತಾಗಿ ಕೂರುವ ತೆಳು ತುಂಡಿನ ಕೆಳಗೆ ಪೀಜೋ (ಒತ್ತಿದರೆ ವಿದ್ಯುತ್ ಕೊಡುವ) ಪಟ್ಟಿ ಇದೆ ಅಂತ ಅರ್ಥ. ಎಲ್ಲಿ ತಟ್ಟಿದರೂ ತಬಲಾ ಥರ ದಪ್ಪ ದನಿ ಬಂದರೆ ಹಲಗೆಯ ಒಳಮೈಗೆ ಪೀಜೋ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ಸೌಂಡ್‌ಹೋಲ್ (ಮೇಲ್ಹಲಗೆಯ ದುಂಡು ತೂತು) ಹತ್ತಿರ ಬಾಯಿಟ್ಟು ಮಾತಾಡಿ. ನಿಮ್ಮ ಮಾತು ಸ್ಪಷ್ಟವಾಗಿ ಕೇಳಿದರೆ ಒಳಗೆ ಮೈಕ್ ಇದೆ. ಮರ ತಟ್ಟಿದರೆ ಹೆಚ್ಚೇನೂ ಕೇಳದೆ, ಉಕ್ಕಿನ ಆಲನ್ ಕೀಯನ್ನು ಸೌಂಡ್‌ಹೋಲ್ ಅಂಚಿಗೆ ತಂದಾಗ ‘ಟುಕ್’ ಅಂದರೆ ಅದು ಮ್ಯಾಗ್ನೆಟಿಕ್ ಪಿಕಪ್.

ಕಿವಿಯ ಮೇಲೆ ನಂಬಿಕೆ ಇಲ್ವಾ? ತಂತಿ ಸಡಿಲಿಸಿ, ಟಾರ್ಚ್ ಹಾಕಿದ ಮೊಬೈಲನ್ನು ಸೌಂಡ್‌ಹೋಲ್ ಒಳಗೆ ಇಳಿಸಿ ವಿಡಿಯೊ ಮಾಡಿ. ಬ್ರಿಡ್ಜಿನ ಕೆಳಗಿನ ಹಲಗೆಯಲ್ಲಿ, ಸ್ಯಾಡಲಿನ ಒಂದು ತುದಿಗೆ ನೇರವಾಗಿ, ತೂತಿನಿಂದ ಸಣ್ಣ ವೈರ್ ಇಳಿದಿದ್ದರೆ ಅದು ಸ್ಯಾಡಲ್ ಪೀಜೋ. ಬಿಲ್ಲೆಗಳಿದ್ದರೆ ನಾಣ್ಯದ ಹಾಗೆ ಅಂಟಿಕೊಂಡಿರುವುದು ಕಾಣುತ್ತದೆ. ಟಕಮೀನೆ ಕಂಪನಿಯ ಗಿಟಾರಿನ ಕಥೆ ಬೇರೆ. ಅವರ ‘ಪ್ಯಾಲಥೆಟಿಕ್’ ಪಿಕಪ್‌ನಲ್ಲಿ ತಂತಿಗೊಂದರಂತೆ ಆರು ಪೀಜೋಗಳಿದ್ದು, ಮೇಲ್ಹಲಗೆಯ ತೂತುಗಳ ಮೂಲಕ ಸ್ಯಾಡಲಿನ ತಳ ಮುಟ್ಟುತ್ತವೆ. ಅದನ್ನು ತೆಗೆಸಿ ಸಾಧಾರಣ ಪಟ್ಟಿ ಹಾಕಿಸಲು ಹೋದರೆ ಆ ಆರು ತೂತುಗಳೇ ತಲೆನೋವು.

ನೀವು ಹೇಳಿದ ದನಿ ಕೇಳಿದರೆ ನಿಮ್ಮದು ಸ್ಯಾಡಲ್ ಪೀಜೋ ಅನಿಸುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಈ ಪಟ್ಟಿ ಮಾಡುವುದೂ ಅದೇ ಕೆಲಸ. ವೀಣೆಗೆ ಕುದುರೆ ಇದ್ದ ಹಾಗೆ ಗಿಟಾರಿಗೆ ಬ್ರಿಡ್ಜು. ಕುದುರೆಯ ಕೆಳಗೆ ಕೂತವನಿಗೆ ತಂತಿಯ ಏಟು ಮಾತ್ರ ಚೆನ್ನಾಗಿ ಕೇಳುತ್ತದೆ. ಪೆಟ್ಟಿಗೆಯೊಳಗಿನ ಗಾಳಿ ತುಂಬಿ ಬರುವ ದನಿ ಅವನಿಗೆ ಕೇಳುವುದೇ ಇಲ್ಲ. ನೀವು ಮನೆಯಲ್ಲಿ ಮೆಚ್ಚಿದ್ದು ಆ ಗಾಳಿಯ ದನಿಯನ್ನು.

ಬದಲಾಯಿಸುವ ಮೊದಲು ಒಂದು ವಿಷಯ ನೋಡಿ. ಗಿಟಾರಿನಲ್ಲಿ ಬ್ಯಾಟರಿ ಇದೆಯಾ? ಪಕ್ಕದಲ್ಲಿ ಡಬ್ಬಿ ಕಾಣದಿದ್ದರೆ ಒಳಗೆ, ಕತ್ತಿನ ಬುಡದ ಮರದ ತುಂಡಿನ ಬಳಿ ಚೀಲದಲ್ಲಿ ಇರಬಹುದು. ಎಲ್ಲೂ ಇಲ್ಲವಾದರೆ ನಿಮ್ಮದು ಪ್ರೀಆಂಪ್ (ಪಿಕಪ್ಪಿನ ಸಣ್ಣ ಸಿಗ್ನಲನ್ನು ಬಲಪಡಿಸುವ ಸರ್ಕ್ಯೂಟ್) ಇಲ್ಲದ ಪೀಜೋ. ಅಂಥದ್ದನ್ನು ಮಿಕ್ಸರಿನ ಲೈನ್ ಇನ್‌ಪುಟ್‌ಗೆ ನೇರ ಹಾಕಿದರೆ ದನಿ ಸೊರಗಿ ಕಿರಿಕಿರಿ ಆಗುತ್ತದೆ. ಪೀಜೋಗೆ 1 ಮೆಗಾಓಂ ಅಥವಾ ಅದಕ್ಕಿಂತ ಜಾಸ್ತಿ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲಿಗೆ ಒಡ್ಡುವ ತಡೆ) ಬೇಕು. ಮಿಕ್ಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಸುಮಾರು 10 ಕಿಲೋಓಂ. ಮಧ್ಯೆ ಒಂದು ಒಳ್ಳೆ ಪ್ರೀಆಂಪ್ ಅಥವಾ ಅಷ್ಟು ಇಂಪಿಡೆನ್ಸ್ ಇರುವ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ಹಾಕಿ, ಮಿಡ್ (ತೀರ ದಪ್ಪವೂ ಅಲ್ಲದ, ತೀರ ಕೀರಲೂ ಅಲ್ಲದ ನಡುವಿನ ದನಿ) ಸ್ವಲ್ಪ ಇಳಿಸಿ ಕೇಳಿ. ಪಿಕಪ್ ಬದಲಾಯಿಸುವ ಖರ್ಚು ಉಳಿದರೂ ಉಳಿಯಬಹುದು.

ಇನ್ನೊಂದು ಮಾತು. ಒಬ್ಬರು ಪ್ರೀಆಂಪ್ ಸುಟ್ಟಿದೆ ಅಂತ ಗಿಟಾರ್ ತಂದಿದ್ದರು. ಐದು ತಂತಿ ಸರಿ, ದಪ್ಪ ತಂತಿ ಮಾತ್ರ ಮೂಗ. ಯಾರೋ ತಂತಿ ತಗ್ಗಿಸಲು ಸ್ಯಾಡಲಿನ ತಳವನ್ನು ಕೈಯಲ್ಲೇ ಉಜ್ಜಿದ್ದರು. ಒಂದು ತುದಿ ಸವೆದು ಪಟ್ಟಿಗೆ ಒತ್ತಡವೇ ಬೀಳುತ್ತಿರಲಿಲ್ಲ. ತಳ ಸಮ ಮಾಡಿ, ಸ್ಯಾಡಲ್ ಕೂರುವ ಸೀಳಿನ ಧೂಳು ಒರೆಸಿದೆ. ಪ್ರೀಆಂಪ್ ಮುಟ್ಟಲೇ ಇಲ್ಲ. ತಂತಿಗಳ ದನಿ ಏರುಪೇರು ಅನಿಸಿದರೆ ಮೊದಲು ಅಲ್ಲಿ ನೋಡಿ.

ಪ್ರಶ್ನೆ: ಟೇಲರ್ ಗಿಟಾರ್ ಒಂದು ಮಾರಾಟಕ್ಕಿದೆ. ಭುಜದ ಹತ್ತಿರ ಮೂರು ಸಣ್ಣ ಗುಂಡಿಗಳಿವೆ. ಮಾರುವವರು ‘ಎಕ್ಸ್‌ಪ್ರೆಶನ್ ಸಿಸ್ಟಮ್ 2’ ಅನ್ನುತ್ತಿದ್ದಾರೆ. ನಂಬಬಹುದಾ? (ಓದುಗರು, ಬೆಂಗಳೂರು)

ಉತ್ತರ: ಗುಂಡಿ ನೋಡಿ ನಂಬಬೇಡಿ. ಅದೇ ಮೂರು ಗುಂಡಿ ಬೇರೆ ಬೇರೆ ಪಿಕಪ್‌ಗಳ ಮೇಲೆ ಬಂದಿವೆ. ಬ್ರಿಡ್ಜ್ ನೋಡಿ. ಸ್ಯಾಡಲಿನ ಹಿಂದೆ, ತಂತಿ ಸಿಕ್ಕಿಸುವ ಪಿನ್ನುಗಳ ಕಡೆಗೆ, ಮೂರು ಪುಟ್ಟ ಸ್ಕ್ರೂ ಕಂಡರೆ ಅದು ಎಕ್ಸ್‌ಪ್ರೆಶನ್ ಸಿಸ್ಟಮ್ 2, ಚಿಕ್ಕದಾಗಿ ಇಎಸ್-2. ಇದು 2014ರಲ್ಲಿ ಬಂತು. ಇದರಲ್ಲಿ ಪೀಜೋಗಳು ಸ್ಯಾಡಲಿನ ಕೆಳಗಿಲ್ಲ, ಹಿಂದೆ ಇವೆ. ತಂತಿ ಮಿಡಿದಾಗ ಸ್ಯಾಡಲ್ ಹಿಂದೆ ಮುಂದೆ ಓಲಾಡುವುದನ್ನು ಅವು ಹಿಡಿಯುತ್ತವೆ. ಆ ಸ್ಕ್ರೂಗಳನ್ನು ‘ಸ್ವಲ್ಪ ಟೈಟ್ ಮಾಡಿ ನೋಡೋಣ’ ಅಂತ ತಿರುಗಿಸಬೇಡಿ, ದಯವಿಟ್ಟು.

ಸ್ಕ್ರೂ ಇಲ್ಲದಿದ್ದರೆ 2003ರಲ್ಲಿ ಬಂದ ಮೊದಲ ಇಎಸ್ ಇರಬಹುದು. ಆಡಿಯೊ ಉಪಕರಣಗಳಿಗೆ ಹೆಸರಾದ ರೂಪರ್ಟ್ ನೀವ್ ಅದರಲ್ಲಿ ಕೈಜೋಡಿಸಿದ್ದರು. ಅದು ಮ್ಯಾಗ್ನೆಟಿಕ್ ಜಾತಿ. ಒಂದು ಸೆನ್ಸರ್ ಫ್ರೆಟ್‌ಬೋರ್ಡಿನ ತುದಿಯ ಕೆಳಗೆ ಅಡಗಿರುತ್ತದೆ, ಜೊತೆಗೆ ಮೇಲ್ಹಲಗೆಯ ಒಳಮೈಯಲ್ಲೂ ಸೆನ್ಸರ್ ಇರುತ್ತದೆ. ಮೊಬೈಲ್ ಇಳಿಸಿದರೆ ಅದು ಕಾಣುತ್ತದೆ. ಸ್ಕ್ರೂವೂ ಇಲ್ಲ, ಆ ಸೆನ್ಸರೂ ಇಲ್ಲ, ಸ್ಯಾಡಲ್ ತುದಿಯಿಂದ ವೈರ್ ಮಾತ್ರ ಬಂದಿದೆ ಅಂದರೆ ಇಎಸ್-ಟಿ. ಕಡಿಮೆ ಬೆಲೆಯ ಸರಣಿಗಳಲ್ಲಿ ಹಾಕುತ್ತಿದ್ದ ಸ್ಯಾಡಲ್ ಪೀಜೋ ಅದು. ಕೆಟ್ಟದ್ದೇನಲ್ಲ. ಆದರೆ ಇಎಸ್-2ರ ಬೆಲೆ ಕೊಟ್ಟು ಅದನ್ನು ತರಬೇಡಿ.

ಪ್ರಶ್ನೆ: ಯಮಾಹಾ ಎಫ್310, ಎಫ್‌ಎಕ್ಸ್310, ಎಫ್‌ಜಿ800, ಎಪಿಎಕ್ಸ್600. ನೋಡಲು ಎಲ್ಲಾ ಒಂದೇ ಥರ. ಬೆಲೆ ಮಾತ್ರ ಬೇರೆ ಬೇರೆ. ವ್ಯತ್ಯಾಸ ಎಲ್ಲಿದೆ? (ಓದುಗರು, ಹುಬ್ಬಳ್ಳಿ)

ಉತ್ತರ: ಮುಖ್ಯವಾಗಿ ಮೇಲ್ಹಲಗೆಯಲ್ಲಿ. ಎಫ್310ರ ಹಲಗೆ ಪದರಗಳನ್ನು ಅಂಟಿಸಿದ್ದು, ನಮ್ಮ ಮಾತಿನಲ್ಲಿ ಪ್ಲೈ. ಎಫ್‌ಜಿ800ರದ್ದು ಸಾಲಿಡ್ ಸ್ಪ್ರೂಸ್, ಅಂದರೆ ಪದರ ಅಂಟಿಸದ, ಸ್ಪ್ರೂಸ್ ಮರದ ಅಸಲಿ ಹಲಗೆ. ಎಫ್‌ಎಕ್ಸ್310 ಅಂದರೆ ಎಫ್310ಕ್ಕೆ ಪೀಜೋ ಮತ್ತು ಪ್ರೀಆಂಪ್ ಸೇರಿಸಿದ್ದು. ಗಿಟಾರ್ ಬರುವ ರಟ್ಟಿನ ಪೆಟ್ಟಿಗೆಯ ಮೇಲೆ ಬರೀ ‘ಸ್ಪ್ರೂಸ್ ಟಾಪ್’ ಅಂತಿದ್ದರೆ ಪ್ಲೈ ಅಂತಲೇ ಓದಿಕೊಳ್ಳಿ. ಸಾಲಿಡ್ ಹಾಕಿದವರು ಆ ಪದ ಬರೆಯದೆ ಬಿಡುವುದಿಲ್ಲ. ಖಾತ್ರಿ ಬೇಕಿದ್ದರೆ ಸೌಂಡ್‌ಹೋಲಿನ ಕೊರೆದ ಅಂಚು ನೋಡಿ. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದರೆ ಸಾಲಿಡ್. ಅಡ್ಡಡ್ಡ ಪದರ ಕಂಡರೆ ಪ್ಲೈ. ಅಂಚಿಗೆ ಪಟ್ಟಿ ಕಟ್ಟಿ ಮುಚ್ಚಿದ್ದರೆ ಮಾತ್ರ ಈ ಉಪಾಯ ನಡೆಯಲ್ಲ.

ಎಪಿಎಕ್ಸ್600ರ ಹಲಗೆಯೂ ಪ್ಲೈ, ಬಾಡಿ ತೆಳು. ಅದರ ಆಳ 80ರಿಂದ 90 ಮಿಲಿಮೀಟರ್. ಎಫ್‌ಜಿ800ರದ್ದು 100ರಿಂದ 118. ಮನೆಯಲ್ಲಿ ವೈರಿಲ್ಲದೆ ನುಡಿಸಿದರೆ ಎಫ್‌ಜಿ ತುಂಬಿಕೊಂಡು ಕೇಳುತ್ತದೆ, ಎಪಿಎಕ್ಸ್ ಸ್ವಲ್ಪ ಒಣ ಒಣ. ಹಾಗಂತ ಪ್ಲೈಗೆ ಮೂಗು ಮುರಿಯಬೇಡಿ. ಸ್ಟೇಜಿನಲ್ಲಿ ಹಲಗೆ ಎಷ್ಟು ಹಗುರವಾಗಿ ನಡುಗುತ್ತದೋ ಅಷ್ಟು ಬೇಗ ಸ್ಪೀಕರಿನ ದನಿಯೇ ಗಿಟಾರಿಗೆ ಮರಳಿ ಹೊಕ್ಕು ‘ಊಂ’ ಅಂತ ಫೀಡ್‌ಬ್ಯಾಕ್ ಬರುತ್ತದೆ. 1954ರ ಗಿಬ್ಸನ್ ಜೆ-160ಇಗೆ ಬೇಕಂತಲೇ ಪ್ಲೈ ಹಲಗೆ, ಒಳಗೆ ಏಣಿಯ ಹಾಗೆ ಅಡ್ಡ ಪಟ್ಟಿ ಕೊಟ್ಟಿದ್ದರು. ಸೌಂಡ್‌ಹೋಲ್ ಪಕ್ಕದಲ್ಲಿ ಮ್ಯಾಗ್ನೆಟಿಕ್ ಪಿಕಪ್. ವೈರಿಲ್ಲದೆ ಅದರ ದನಿ ಸಾಧಾರಣ. ಆದರೂ 1962ರಲ್ಲಿ ಬೀಟಲ್ಸ್‌ನ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಇಬ್ಬರೂ ಕೊಂಡಿದ್ದು ಅದನ್ನೇ. ವಾರಕ್ಕೊಮ್ಮೆ ಬ್ಯಾಂಡ್ ಜೊತೆ ನುಡಿಸುವವರಿಗೆ ನಾನು ಎಪಿಎಕ್ಸ್ ಅನ್ನೇ ಹೇಳುತ್ತೇನೆ. ಮನೆಯಲ್ಲಿ ಕಲಿಯುವವರು ಎಫ್‌ಜಿ800 ತಗೊಳ್ಳಿ, ಪಿಕಪ್ ಬೇಕಾದಾಗ ಆಮೇಲೆ ಹಾಕಿಸಿ.

ಪಕ್ಕ ಮತ್ತು ಬೆನ್ನಿಗೆ ರೋಸ್‌ವುಡ್ ಅಂದರೆ ಸಾಕು, ಬೆರಗಾಗುವವರು ತುಂಬಾ ಜನ. ಅದು ನಮ್ಮ ಬೀಟೆ ಮರವೇ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿ ಕೊಡುವುದನ್ನು ಬಿಗಿ ಮಾಡಿದ ಮೇಲೆ, ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಸ್ಯಾಡಲ್ ಪೀಜೋ ಮೂಲಕ ಕೇಳುವಾಗ ಬೆನ್ನಿನ ಮರದ ಗುಣ ಗೊತ್ತಾಗುವುದು ಬಹಳ ಕಮ್ಮಿ. ವೈರಿನಲ್ಲೇ ನುಡಿಸುವುದಾದರೆ ಆ ದುಡ್ಡನ್ನು ಒಳ್ಳೆ ಪ್ರೀಆಂಪಿಗೆ ಹಾಕಿ.

ಪ್ರಶ್ನೆ: ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸೌಂಡ್‌ಹೋಲ್ ಮ್ಯಾಗ್ನೆಟಿಕ್ ಪಿಕಪ್ ಹಾಕಬಹುದಾ? (ಓದುಗರು, ಮಂಗಳೂರು)

ಉತ್ತರ: ಹಾಕಬಹುದು, ಆದರೆ ದನಿ ಬರಲ್ಲ. ಅಯಸ್ಕಾಂತಕ್ಕೆ ಉಕ್ಕು ಬೇಕು. ಪೀಜೋ ಬಿಲ್ಲೆ ಅಥವಾ ಸ್ಯಾಡಲ್ ಪಟ್ಟಿ ನೋಡಿ.

ಪ್ರಶ್ನೆ: ನನ್ನ ಗಿಟಾರ್ 9 ವೋಲ್ಟ್ ಬ್ಯಾಟರಿ ತಿನ್ನುತ್ತದೆ. ತಿಂಗಳಿಗೆ ಎರಡು ಹೋಗುತ್ತವೆ, ನುಡಿಸುವುದು ಭಾನುವಾರ ಮಾತ್ರ. (ಓದುಗರು, ತುಮಕೂರು)

ಉತ್ತರ: ನುಡಿಸಿದ ಮೇಲೆ ಕೇಬಲ್ ಗಿಟಾರಿನಲ್ಲೇ ಬಿಡ್ತೀರಿ, ಅಲ್ವಾ? ಹೆಚ್ಚಿನ ಗಿಟಾರುಗಳಲ್ಲಿ ಸ್ವಿಚ್ ಅಂದರೆ ಆ ಜಾಕ್ ತೂತೇ. ಪ್ಲಗ್ ಒಳಗೆ ಹೋದರೆ ಪ್ರೀಆಂಪ್ ಆನ್. ಸ್ಪೀಕರ್ ಆಫ್ ಇದ್ದರೂ, ವಾಲ್ಯೂಮ್ ಸೊನ್ನೆ ಇದ್ದರೂ ಬ್ಯಾಟರಿ ಉರಿಯುತ್ತಲೇ ಇರುತ್ತದೆ. ಗಿಟಾರ್ ಕಡೆಯ ತುದಿ ಕಿತ್ತಿಡಿ. ಹಾಗೆ ಮಾಡಿದರೂ ಎರಡು ವಾರಕ್ಕೆ ಬ್ಯಾಟರಿ ಖಾಲಿಯಾದರೆ ಜಾಕ್ ಶಾರ್ಟ್ ಆಗಿರಬಹುದು, ಆಗ ತೋರಿಸಿ.