ಸುಸ್ಥಿರ ಅಭಿವೃದ್ಧಿಯ ಮಿತಿಯನ್ನು ವಿಜ್ಞಾನವೊಂದೇ ನಿರ್ಧರಿಸಬಲ್ಲದೇ?

ನಿರ್ಧರಿಸಲಾರದು. ಮುಂದಿನ ಪೀಳಿಗೆಗಳ ಅಗತ್ಯಗಳಿಗೆ ಧಕ್ಕೆಯಾಗದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳಬೇಕೆಂಬ 1987ರ ವಿಶ್ವಸಂಸ್ಥೆಯ ಬ್ರಂಟ್‌ಲಂಡ್ ಆಯೋಗದ ವ್ಯಾಖ್ಯೆಯಲ್ಲಿ ‘ಅಗತ್ಯ’ವೆಂಬ ಪದವೇ ಮೌಲ್ಯನಿರ್ಣಯವನ್ನು ಬೇಡುತ್ತದೆ. ಪಶ್ಚಿಮ ಘಟ್ಟವನ್ನೇ ನೋಡಿ: 2011ರಲ್ಲಿ ಗಾಡ್ಗೀಳ್ ಸಮಿತಿಯು ಇಡೀ ಘಟ್ಟಪ್ರದೇಶವನ್ನು ಪರಿಸರಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಿದರೆ, 2013ರಲ್ಲಿ ಕಸ್ತೂರಿರಂಗನ್ ಸಮಿತಿಯು ಊರು, ಗದ್ದೆ, ತೋಟಗಳಿರುವ ‘ಸಾಂಸ್ಕೃತಿಕ ಭೂದೃಶ್ಯ’ವನ್ನು ಬೇರ್ಪಡಿಸಿ, ಸುಮಾರು ಶೇ 37ರಷ್ಟು ಪ್ರದೇಶವನ್ನು ಮಾತ್ರ ಹಾಗೆ ಗುರುತಿಸಿತು. ಆದರೆ ಉತ್ತರ ಕನ್ನಡದ ಅಡಿಕೆ ತೋಟವನ್ನೂ ಅದಕ್ಕೆ ಸೊಪ್ಪು ಒದಗಿಸುವ ಬೆಟ್ಟವನ್ನೂ ಬೇರೆ ಬೇರೆಯೆಂದು ಎಣಿಸಬೇಕೇ ಎಂಬುದಕ್ಕೆ ಗಡಿ ಗುರುತಿಸಲು ಬಳಸುವ ಉಪಗ್ರಹ ಚಿತ್ರ ಉತ್ತರ ಕೊಡದು (ಅಲ್ಲಿನ ಕೃಷಿಕರನ್ನು ಕೇಳಿದರೆ ಸಿಕ್ಕೀತು). ಈ ಗಡಿಯ ಗೆರೆ ತಪ್ಪಿದರೆ ನಷ್ಟ ಯಾರಿಗೆಂಬ ಪ್ರಶ್ನೆ ಗೆರೆ ಎಳೆಯುವಾಗಲೇ ಒಳಸೇರಿರುತ್ತದೆ. ಅತಿಯಾದ ನಿರ್ಬಂಧವನ್ನು ಮುಂದೆ ಸಡಿಲಿಸಬಹುದು, ಎತ್ತರದ ಗಿರಿಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡು ಅಳಿದರೆ ಅದನ್ನು ಮರಳಿ ತರುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದ್ದರಿಂದ ಹಾನಿಯಾಗದೆಂದು ರುಜುವಾತುಪಡಿಸುವ ಹೊಣೆ ಗಣಿ, ಅಣೆಕಟ್ಟು ಬೇಕೆನ್ನುವವರದೇ ಆಗಿರಬೇಕೆಂದು ನನ್ನ ಅಭಿಪ್ರಾಯ.