ಗ್ಯಾಸ್ ಮಾತ್ರೆ ಬಿಟ್ಟರೆ ಉರಿ ಹೆಚ್ಚುವುದೇಕೆ?

ಪ್ರಶ್ನೆ: ನನಗೆ 54 ವರ್ಷ. ಹುಳಿತೇಗು, ಎದೆಯುರಿಗೆಂದು ಮೂರು ವರ್ಷಗಳಿಂದ ದಿನವೂ ತಿಂಡಿಯಾದ ಮೇಲೆ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಮಾತ್ರೆ ನುಂಗುತ್ತಿದ್ದೇನೆ. ವೈದ್ಯರು ಬರೆದುಕೊಟ್ಟದ್ದು ಒಂದು ತಿಂಗಳಿಗೆ. ಅನಂತರ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುತ್ತಿದ್ದೇನೆ. ಎರಡು ಸಲ ಬಿಟ್ಟು ನೋಡಿದಾಗ ಉರಿ ಮೊದಲಿಗಿಂತ ಹೆಚ್ಚಾಯಿತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸಹ ಇದೆ. ಈಚೆಗೆ ಅಂಗಾಲು ಜೋಮು ಹಿಡಿಯುತ್ತಿದೆ. ಈ ಮಾತ್ರೆ ಜೀವನಪೂರ್ತಿ ಬೇಕೇ?
– ಓದುಗರು, ತಿಪಟೂರು

ಉತ್ತರ: ಗ್ಯಾಸ್ ಮಾತ್ರೆ ಎಂದು ಎಲ್ಲರೂ ಕರೆದರೂ ಇದು ವಾಯುವಿಗೆ ಕೊಡುವ ಔಷಧವಲ್ಲ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರತಳ್ಳುವ ಸೂಕ್ಷ್ಮ ಪಂಪುಗಳನ್ನು ಇದು ತಡೆಯುತ್ತದೆ. ಆಹಾರದ ಸುಳಿವಿಗೆ ಎಚ್ಚೆತ್ತು ಕೆಲಸಕ್ಕಿಳಿದ ಪಂಪುಗಳ ಮೇಲಷ್ಟೇ ಇದರ ಹಿಡಿತವಿರುವುದರಿಂದ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು. ಇಡ್ಲಿ ತಿಂದು ಕಾಫಿ ಕುಡಿದ ಮೇಲೆ ನುಂಗಿದ ಮಾತ್ರೆಯ ಫಲ ಕುಗ್ಗಬಹುದು. ಮಾತ್ರೆಯ ಮೇಲಿನ ಲೇಪವು ಅದನ್ನು ಆಮ್ಲದಿಂದ ಕಾಯುವುದರಿಂದ ಮುರಿಯಲೂ ಬಾರದು, ಅಗಿಯಲೂ ಬಾರದು.

ಬಿಟ್ಟೊಡನೆ ಉರಿ ಹೆಚ್ಚಿತೆಂದರೆ ರೋಗ ಉಲ್ಬಣಿಸಿತೆಂದೇ ಅರ್ಥವಲ್ಲ. ಆಮ್ಲ ಕಡಿಮೆಯಾದಾಗ ದೇಹವು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಜಠರವನ್ನು ಪ್ರಚೋದಿಸುತ್ತಲೇ ಇರುತ್ತದೆ. ತಡೆ ತಟ್ಟನೆ ತೆಗೆದಾಗ ಕೆಲವು ವಾರ ಆಮ್ಲ ಉಕ್ಕುತ್ತದೆ. ಹಾಗಾಗಿ ವೈದ್ಯರ ನಿಗಾದಲ್ಲಿ 20 ಮಿ.ಗ್ರಾಂ.ಗೆ ಇಳಿಸಿ, ಬಳಿಕ ದಿನ ಬಿಟ್ಟು ದಿನ ತೆಗೆದುಕೊಂಡು, ನಡುವೆ ಉರಿ ಬಂದರೆ ಆಂಟಾಸಿಡ್ ದ್ರವದಿಂದ ನಿಭಾಯಿಸಬಹುದು. ಅದರಲ್ಲಿರುವ ಮೆಗ್ನೀಸಿಯಂ ಭೇದಿಗೂ ಅಲ್ಯೂಮಿನಿಯಂ ಮಲಬದ್ಧತೆಗೂ ದಾರಿಮಾಡುವುದುಂಟು.

ನಿಮ್ಮ ಜೋಮನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಬಿ12 ಜೀವಸತ್ವದ ಕೊರತೆಯಿಂದ ಜೋಮು ಬರುವುದುಂಟು. ಆಹಾರದಿಂದ ಈ ಜೀವಸತ್ವ ಬಿಡಿಸಿಕೊಳ್ಳಲು ಆಮ್ಲ ಬೇಕು. ಮೆಟ್‌ಫಾರ್ಮಿನ್ ಸಹ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ನೀವು ಸಸ್ಯಾಹಾರಿಯಾಗಿದ್ದರೆ ಕೊರತೆಯ ಸಂಭವ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯೇ ನರಗಳನ್ನು ಬಾಧಿಸಿರಲೂಬಹುದು. ಊಹಿಸುವ ಬದಲು ರಕ್ತದಲ್ಲಿ ಬಿ12 ಪರೀಕ್ಷಿಸಿಕೊಳ್ಳಿ. ಸ್ನಾಯು ಸೆಳೆತವಿದ್ದರೆ ಮೆಗ್ನೀಸಿಯಂ ಪ್ರಮಾಣವನ್ನೂ ನೋಡಿಸಿ.

ನುಂಗಿದ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಡಾಂಬರಿನಂತೆ ಕಪ್ಪಾಗುವುದು ಇವುಗಳಲ್ಲಿ ಒಂದಿದ್ದರೂ ಎಂಡೋಸ್ಕೋಪಿ ತಡಮಾಡಬೇಡಿ. ಮಂಡಿನೋವಿಗೆ ಡೈಕ್ಲೊಫೆನಾಕ್‌ನಂಥ ಮಾತ್ರೆಯನ್ನೋ ಹೃದಯಕ್ಕೆ ಆಸ್ಪಿರಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ, ಜಠರದಲ್ಲಿ ಹುಣ್ಣಾಗದಂತೆ ಪ್ಯಾಂಟೊಪ್ರಜೋಲ್ ಕಾಯುತ್ತಿರಬಹುದು. ಹಾಗಿದ್ದಲ್ಲಿ ವೈದ್ಯರನ್ನು ಕಾಣುವವರೆಗೆ ಅದನ್ನು ಬಿಡಕೂಡದು.